ಪಾಪ್-ಅಪ್ ಕ್ಯಾಂಪರ್‌ನಲ್ಲಿ ಮೊದಲ ಪ್ರವಾಸ: ಏನು ತುಂಬಬೇಕು, ಎಲ್ಲಿ ಇಡಬೇಕು

ಮಿಶಿಗನ್‌ನಲ್ಲಿ ಮೇ ತಿಂಗಳು ಬಂತು ಅಂದರೆ ಗೆಳತಿಯರಿಂದ ಒಂದೇ ಪ್ರಶ್ನೆ. ‘ಸೆಕೆಂಡ್ ಹ್ಯಾಂಡ್ ಪಾಪ್-ಅಪ್ ತಗೊಂಡ್ವಿ ಕಣೇ, ಏನೇನು ತಗೊಂಡು ಹೋಗಬೇಕು, ಒಂದು ಲಿಸ್ಟ್ ಕಳಿಸು.’ ಲಿಸ್ಟ್ ಬೇಕಾದಷ್ಟು ಸಿಗುತ್ತದೆ. ಆದರೆ ಅದರಲ್ಲಿ ಏನು ಬೇಕು ಅಂತ ಇರುತ್ತದೆ, ಎಲ್ಲಿ ಇಡಬೇಕು ಅಂತ ಇರುವುದಿಲ್ಲ. ಪಾಪ್-ಅಪ್ ವಿಷಯದಲ್ಲಿ ಎಲ್ಲಿ ಇಟ್ಟಿರಿ ಅನ್ನುವುದೇ ದೊಡ್ಡದು.

ಯಾಕೆ ಅಂದರೆ, ಇದು ದಾರಿಯಲ್ಲಿ ಹೋಗುವಾಗ ಕಾರಿನ ಹಿಂದೆ ಕಟ್ಟಿ ಎಳೆಯುವ, ಸೊಂಟದೆತ್ತರದ ಒಂದು ಮುಚ್ಚಿದ ಪೆಟ್ಟಿಗೆ. ಜಾಗಕ್ಕೆ ಹೋಗಿ ಹ್ಯಾಂಡಲ್ ತಿರುಗಿಸಿ ಚಾವಣಿ ಎತ್ತಿ, ಎರಡು ಕಡೆ ಹಾಸಿಗೆ ಎಳೆದ ಮೇಲೆಯೇ ಅದು ಮನೆ. ಮುಚ್ಚಿದಾಗ ಒಳಗಿರುವ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನು ಸಾಮಾನನ್ನು ಬಟ್ಟೆ, ಅಡುಗೆ, ಆಟ ಅಂತ ವಿಂಗಡಿಸುವುದಿಲ್ಲ. ಚಾವಣಿ ಏಳುವ ಮುಂಚೆ ಬೇಕಾಗುವುದು ಒಂದು ಪಾಲು, ಎದ್ದ ಮೇಲೆ ಬೇಕಾಗುವುದು ಇನ್ನೊಂದು ಪಾಲು. ಮೊದಲನೆಯದು ಕಾರಿನಲ್ಲಿ, ಎರಡನೆಯದು ಕ್ಯಾಂಪರ್‌ನಲ್ಲಿ.

ಕಾರಿನಲ್ಲಿ ಇರಬೇಕಾದದ್ದು

ಎಲ್ಲಕ್ಕಿಂತ ಮೊದಲು ಆ ಕ್ರ್ಯಾಂಕ್ ಹ್ಯಾಂಡಲ್. ಅದು ಕ್ಯಾಂಪರ್ ಒಳಗೆ ಉಳಿದರೆ ಕ್ಯಾಂಪರ್ ತೆರೆಯುವುದಕ್ಕೇ ಆಗುವುದಿಲ್ಲ. ನಮ್ಮದು ಡ್ರೈವರ್ ಸೀಟಿನ ಹಿಂದೆ, ಕೆಂಪು ಬಟ್ಟೆಯ ಚೀಲದಲ್ಲಿ ಇರುತ್ತದೆ. ಅದೇ ಚೀಲದಲ್ಲಿ ಹಿಚ್ (ಕ್ಯಾಂಪರನ್ನು ಕಾರಿಗೆ ಕಟ್ಟುವ ಕೊಂಡಿ) ಬೀಗದ ಕೀಲಿ, ಒಂದು ಸಣ್ಣ ರಸಮಟ್ಟ, ಟೈರಿನ ಗಾಳಿ ನೋಡುವ ಗೇಜ್, ಒಂದು ಜೊತೆ ದಪ್ಪ ಗ್ಲೌಸ್, ತಲೆಗೆ ಕಟ್ಟುವ ಟಾರ್ಚ್.

ಇನ್ನೊಂದು ಪ್ಲಾಸ್ಟಿಕ್ ಡಬ್ಬದಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಚಾಕ್, ಚಕ್ರದ ಕೆಳಗೆ ಇಡುವ ಲೆವೆಲಿಂಗ್ ಬ್ಲಾಕ್, ಕ್ಯಾಂಪರ್ ಮೂಲೆಗಳಲ್ಲಿ ಇಳಿಸುವ ಊರುಗಾಲುಗಳ ಕೆಳಗೆ ಹಾಕಲು ನಾಲ್ಕು ಮರದ ತುಂಡು. ಜಾಗಕ್ಕೆ ಹೋದ ತಕ್ಷಣ ನಡೆಯುವ ಕೆಲಸ ನೋಡಿ. ಕಾರಿಗೆ ಕಟ್ಟಿಕೊಂಡಿರುವಾಗಲೇ ಎಡಬಲ ಮಟ್ಟ ನೋಡಬೇಕು. ತಗ್ಗಿದ ಕಡೆಯ ಚಕ್ರವನ್ನು ಬ್ಲಾಕ್ ಮೇಲೆ ಹತ್ತಿಸಬೇಕು. ಆಮೇಲೆ ಚಾಕ್ ಕೊಟ್ಟು, ಕಾರಿನಿಂದ ಬಿಡಿಸಿ, ಮುಂದಿನ ಜ್ಯಾಕ್ ತಿರುಗಿಸಿ ಹಿಂದೆಮುಂದೆ ಮಟ್ಟ ಮಾಡಬೇಕು. ಚಾಕ್ ಕೊಡದೆ ಬಿಡಿಸಿದರೆ ಗಾಡಿ ಉರುಳುತ್ತದೆ, ಇದರಲ್ಲಿ ರಾಜಿಯೇ ಬೇಡ. ಮೂಲೆಗಳ ಊರುಗಾಲು ಅಲ್ಲಾಡದ ಹಾಗೆ ಹಿಡಿಯುವುದಕ್ಕೆ ಅಷ್ಟೇ, ಗಾಡಿ ಎತ್ತುವುದಕ್ಕೆ ಅಲ್ಲ. ಅದರಿಂದ ಎತ್ತಲು ಹೋದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಇಷ್ಟು ಕೆಲಸಕ್ಕೆ ಹೊಸಬರಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಷ್ಟು ಹೊತ್ತು ಮಕ್ಕಳಿಗೆ ಹಸಿವು, ಸೊಳ್ಳೆ, ಬೇಜಾರು, ಮೂರೂ ಒಟ್ಟಿಗೆ ಬರುತ್ತವೆ. ಅದಕ್ಕೇ ಮಡಚುವ ಕುರ್ಚಿಗಳು, ಕುಡಿಯುವ ನೀರು, ಕೋಡುಬಳೆ ಡಬ್ಬಿ, ಸೊಳ್ಳೆ ಸ್ಪ್ರೇ, ಒಂದು ಚೆಂಡು, ಇವೂ ಕಾರಿನಲ್ಲೇ, ಕೈಗೆ ಸಿಗುವ ಹಾಗೆ. ಮಳೆಕೋಟುಗಳೂ ಅಷ್ಟೇ. ಚಾವಣಿ ಎತ್ತುವಾಗ ಮಳೆ ಬಂದರೆ ಮಳೆಕೋಟು ಕ್ಯಾಂಪರ್ ಒಳಗಿದ್ದು ಏನು ಪ್ರಯೋಜನ, ಅಲ್ವಾ?

ಇಂಡಿಯಾದಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಬಿಪಿ, ಶುಗರ್ ಮಾತ್ರೆಗಳು ನಿಮ್ಮ ಕೈಚೀಲದಲ್ಲೇ ಇರಲಿ. ಇನ್ಶೂರೆನ್ಸ್ ಕಾರ್ಡಿನ ಫೋಟೋ ಫೋನಿನಲ್ಲಿ ಇರಲಿ.

ತೂಕ

ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನ್‌ಗಳು ಸಾಮಾನ್ಯವಾಗಿ 3500 ಪೌಂಡ್ ತನಕ ಎಳೆಯುತ್ತವೆ. ನಿಮ್ಮ ಗಾಡಿಯದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಕಾರಿನಲ್ಲಿ ಕೂತ ಜನ, ತುಂಬಿದ ಸಾಮಾನು, ಎಲ್ಲದಕ್ಕೂ ಲೆಕ್ಕ ಇದೆ. ಕ್ಯಾಂಪರ್ ಮೇಲೂ ಎಷ್ಟು ಸಾಮಾನು ಹೊರಬಹುದು ಅಂತ ಸ್ಟಿಕರ್ ಇರುತ್ತದೆ. ಎಷ್ಟೋ ಪಾಪ್-ಅಪ್‌ಗಳಲ್ಲಿ ಅದು ಕೆಲವೇ ನೂರು ಪೌಂಡ್.

ಆದ್ದರಿಂದ ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡೇ ಹೊರಡಿ. ಒಂದು ಗ್ಯಾಲನ್ ನೀರು 8.3 ಪೌಂಡ್. 20 ಗ್ಯಾಲನ್ ತುಂಬಿದರೆ 166 ಪೌಂಡ್, ಅಂದರೆ ಒಬ್ಬ ದೊಡ್ಡ ಮನುಷ್ಯನ ತೂಕ. ಪಾರ್ಕಿನಲ್ಲಿ ನೀರು ಸಿಗುತ್ತದೆ, ಅಲ್ಲೇ ತುಂಬಿಸಿ.

ಭಾರದ ಸಾಮಾನು ನೆಲದ ಮೇಲೆ, ಚಕ್ರಗಳ ನೇರಕ್ಕೆ, ಸ್ವಲ್ಪ ಮುಂದಕ್ಕೆ ಇರಲಿ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಹಿಚ್ ಮೇಲೆ ಬೀಳಬೇಕು. ಎಲ್ಲ ಹಿಂದೆ ತುಂಬಿದರೆ ಹೈವೇಯಲ್ಲಿ ಕ್ಯಾಂಪರ್ ಬಾಲದ ಹಾಗೆ ಅತ್ತಿತ್ತ ಆಡಲು ಶುರುವಾಗುತ್ತದೆ, ಅದು ನಿಜಕ್ಕೂ ಅಪಾಯ. ಟ್ರೇಲರ್ ಟೈರುಗಳಲ್ಲಿ ಬಹಳಷ್ಟು 65 ಮೈಲಿ ವೇಗಕ್ಕೆ ಮಾಡಿದವು, ನಾವು 60 ದಾಟುವುದಿಲ್ಲ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿದೆಯಾ ಅಂತ ಹೊರಡುವ ಮುಂಚೆ ಕೈಯಿಂದ ಮುಟ್ಟಿ ನೋಡಿ.

ಸೂಟ್‌ಕೇಸ್ ಖಂಡಿತ ಬೇಡ. ಇಂಡಿಯಾಗೆ ತಗೊಂಡು ಹೋಗುವ ಆ ದೊಡ್ಡ ಪೆಟ್ಟಿಗೆ ಪಾಪ್-ಅಪ್‌ನಲ್ಲಿ ಎಲ್ಲೂ ಕೂರುವುದಿಲ್ಲ. ತಲೆಗೊಂದು ಮೆತ್ತನೆ ಬಟ್ಟೆ ಚೀಲ ಸಾಕು. ಒಳಗೆ ಬೀರುಗಳು ಕಡಿಮೆ, ಚೀಲವನ್ನು ಹಾಸಿಗೆಯ ಕಾಲ್ದೆಸೆಗೆ ತಳ್ಳಬಹುದು.

ಅಡುಗೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅಮೆರಿಕದವರ ಲಿಸ್ಟುಗಳು ನಮಗೆ ಸಾಲದೆ ಹೋಗುವುದು ಇಲ್ಲೇ.

ಕ್ಯಾಂಪರ್ ಒಳಗೆ ಒಗ್ಗರಣೆ ಹಾಕಬೇಡಿ. ಸಾಸಿವೆ ಸಿಡಿದು, ಇಂಗು, ಒಣಮೆಣಸಿನಕಾಯಿ ಘಾಟು ಎದ್ದು, ಆ ಎಣ್ಣೆಹೊಗೆ ಸೀದಾ ಕ್ಯಾನ್ವಾಸಿಗೆ ಹೋಗಿ ಕೂರುತ್ತದೆ. ಮನೆಯ ಗೋಡೆ ಒರೆಸಬಹುದು, ಕ್ಯಾನ್ವಾಸನ್ನು ಸೋಪು ಹಾಕಿ ತಿಕ್ಕುವ ಹಾಗಿಲ್ಲ. ತಿಕ್ಕಿದರೆ ನೀರು ತಡೆಯುವ ಲೇಪ ಹೋಗುತ್ತದೆ. ಹಾಸಿಗೆಯೂ ಅದರ ಪಕ್ಕದಲ್ಲೇ. ಬಹಳ ಪಾಪ್-ಅಪ್‌ಗಳ ಒಲೆಯನ್ನು ಬಿಚ್ಚಿ ಹೊರಗಡೆ ಗೋಡೆಗೆ ಸಿಕ್ಕಿಸಿಕೊಳ್ಳಬಹುದು, ಅದಕ್ಕೊಂದು ಗ್ಯಾಸ್ ಪೈಪೂ ಇರುತ್ತದೆ. ನಿಮ್ಮದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಎರಡು ಬರ್ನರಿನ ಕ್ಯಾಂಪ್ ಒಲೆ ತಗೊಳ್ಳಿ, ಪಿಕ್ನಿಕ್ ಟೇಬಲ್ ಮೇಲೆ ಇಟ್ಟು ಆರಾಮಾಗಿ ಮಾಡಿ. ಗಾಳಿಗೆ ಅಡ್ಡ ಕೊಡಲು ಒಂದು ದೊಡ್ಡ ತಟ್ಟೆ ಸಾಕು.

ನಾನು ಮಾಡುವುದು ಹೀಗೆ. ಮನೆಯಲ್ಲೇ ರವೆ ಹುರಿದು, ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಗೆ ಬೆರೆಸಿ, ಆರಿಸಿ, ಜಿಪ್ ಚೀಲದಲ್ಲಿ ತುಂಬುತ್ತೇನೆ. ಅಲ್ಲಿ ನೀರು ಕುದಿಸಿ ಸುರಿದು ಮುಚ್ಚಿಟ್ಟರೆ ಉಪ್ಪಿಟ್ಟು. ಗೊಜ್ಜವಲಕ್ಕಿ ಇನ್ನೂ ಸುಲಭ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ಒಂದು ಡಬ್ಬಿ, ಹುಣಸೆರಸಕ್ಕೆ ಬೆಲ್ಲ, ಸಾರಿನಪುಡಿ, ಉಪ್ಪು ಹಾಕಿ ಕುದಿಸಿದ್ದು ಇನ್ನೊಂದು ಬಾಟಲಿ. ಮಾಡುವಾಗ ಒಲೆಯೇ ಬೇಡ. ಮಳೆ ಹಿಡಿದ ಬೆಳಿಗ್ಗೆ ಇದು ಕಾಪಾಡುತ್ತದೆ.

ಮೊದಲ ರಾತ್ರಿ ಅಲ್ಲಿ ಅಡುಗೆಯೇ ಇಟ್ಟುಕೊಳ್ಳಬೇಡಿ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ. ಎರಡನೇ ದಿನದ ಸಾಂಬಾರನ್ನು ಡಬ್ಬಿಯಲ್ಲಿ ಗಡ್ಡೆಕಟ್ಟಿಸಿ ಕೂಲರ್ ತಳದಲ್ಲಿ ಇಡಿ. ಶನಿವಾರವೆಲ್ಲ ಅದು ಐಸಿನ ಕೆಲಸ ಮಾಡುತ್ತದೆ, ಸಂಜೆ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಕುದಿಸಿ ಬಡಿಸುವುದಷ್ಟೇ. ದೋಸೆಹಿಟ್ಟು ತಗೊಂಡು ಹೋಗುವವರು ಡಬ್ಬಿಯನ್ನು ಅರ್ಧ ಮಾತ್ರ ತುಂಬಿ. ಕೂಲರ್ ಸ್ವಲ್ಪ ಬೆಚ್ಚಗಾದರೂ ಹಿಟ್ಟು ಉಕ್ಕುತ್ತದೆ.

ಪಾತ್ರೆ ಅಂದರೆ ಮೂರು ಲೀಟರ್ ಕುಕ್ಕರ್, ಒಂದು ಬಾಣಲೆ, ಕಾಫಿ ಫಿಲ್ಟರ್, ಸೌಟು, ಚಾಕು, ಇಕ್ಕಳ, ತಲೆಗೊಂದು ಸ್ಟೀಲ್ ತಟ್ಟೆ ಲೋಟ. ಇಕ್ಕಳ ಮರೆಯಬೇಡಿ. ಲೈಟರ್ ಜೊತೆಗೆ ಬೆಂಕಿಪೊಟ್ಟಣವೂ ಇರಲಿ. ಜುಲೈ, ಆಗಸ್ಟ್ ಆದರೆ ದಾರಿಬದಿಯ ಅಂಗಡಿಗಳಲ್ಲಿ ತಾಜಾ ಜೋಳ ಸಿಗುತ್ತದೆ. ಅದಕ್ಕೆ ಒಂದು ನಿಂಬೆಹಣ್ಣು, ಉಪ್ಪು ಖಾರದ ಪುಡಿ ಇಟ್ಟುಕೊಂಡಿರಿ.

ಸೌದೆ ಮಾತ್ರ ಮನೆಯಿಂದ ಒಯ್ಯಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಹುಳು ಅಮೆರಿಕದಲ್ಲಿ ಮೊದಲು ಪತ್ತೆಯಾಗಿದ್ದು 2002ರಲ್ಲಿ, ಇಲ್ಲೇ ಡೆಟ್ರಾಯಿಟ್ ಸುತ್ತಮುತ್ತ. ಜನ ಸಾಗಿಸಿದ ಸೌದೆಯ ಜೊತೆಯಲ್ಲೇ ಅದು ದೂರದೂರಕ್ಕೆ ಹಬ್ಬಿ ಕೋಟಿಗಟ್ಟಲೆ ಮರ ಹಾಳಾದವು. ಪಾರ್ಕಿನ ಹತ್ತಿರವೇ ಕೊಂಡು ಅಲ್ಲೇ ಸುಡಿ.

ರಾತ್ರಿ ಕೂಲರ್, ತಿಂಡಿ ಡಬ್ಬಿ, ಕಸದ ಚೀಲ ಎಲ್ಲ ಕಾರಿನೊಳಗೆ ಹೋಗಬೇಕು. ರಕೂನ್‌ಗಳು ಕೂಲರ್ ಮುಚ್ಚಳ ತೆಗೆಯುವುದರಲ್ಲಿ ಜಾಣ. ಅಳಿಲು, ಇಲಿಗಳಿಗೆ ಕ್ಯಾನ್ವಾಸ್ ಕಡಿಯುವುದು ದೊಡ್ಡ ಕೆಲಸವಲ್ಲ. ಹಾಸಿಗೆಯಲ್ಲಿ ಬಿಸ್ಕತ್ತು ಬೇಡ ಅಂತ ಮಕ್ಕಳಿಗೆ ಹೊರಡುವ ಮುಂಚೆಯೇ ಹೇಳಿಡಿ.

ಕರೆಂಟು, ನೀರು

ಮಿಶಿಗನ್ ಸ್ಟೇಟ್ ಪಾರ್ಕುಗಳಲ್ಲಿ ‘ಮಾಡರ್ನ್’ ಅಂತ ಬರೆದ ಸೈಟಿನಲ್ಲಿ ಕರೆಂಟ್ ಇರುತ್ತದೆ, ಹತ್ತಿರದಲ್ಲಿ ಸ್ನಾನದ ಮನೆ ಇರುತ್ತದೆ. ನೀರಿನ ನಲ್ಲಿ ಮಾತ್ರ ಸಾಮಾನ್ಯವಾಗಿ ನಾಲ್ಕಾರು ಸೈಟುಗಳಿಗೆ ಸೇರಿ ಒಂದು. ಹಾಗಾಗಿ ಉದ್ದ ಹೋಸ್‌ಗಿಂತ ಐದು ಗ್ಯಾಲನ್‌ನ ಕ್ಯಾನ್ ಒಂದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಹೋಸ್ ತಗೊಂಡರೆ ಕುಡಿಯುವ ನೀರಿನದ್ದೇ ಆಗಲಿ, ತೋಟದ್ದು ಬೇಡ.

ಪಾಪ್-ಅಪ್‌ನಲ್ಲಿ ಕೊಳೆನೀರಿಗೆ ಟ್ಯಾಂಕ್ ಇರುವುದು ಅಪರೂಪ. ಸಿಂಕಿನ ನೀರು ಸೀದಾ ಹೊರಗೆ ಬರುತ್ತದೆ. ಅದನ್ನು ನೆಲಕ್ಕೆ ಬಿಡುವಂತಿಲ್ಲ. ಮುಚ್ಚಳ ಇರುವ ಬಕೆಟ್ ಇಟ್ಟು ಹಿಡಿದು, ಡಂಪ್ ಸ್ಟೇಷನ್‌ಗೆ, ಅಂದರೆ ಕೊಳೆನೀರು ಸುರಿಯುವ ಜಾಗಕ್ಕೆ, ಹೊತ್ತು ಹಾಕಬೇಕು. ಒಂದು ಚೊಂಬು, ಒಂದು ಮಗ್ಗು ಮರೆಯದೆ ಇಟ್ಟುಕೊಳ್ಳಿ. ರಾತ್ರಿ ಟಾಯ್ಲೆಟ್‌ಗೆ ನಡೆದು ಹೋಗಬೇಕು, ಅದಕ್ಕೆ ಟಾರ್ಚು, ಸುಲಭವಾಗಿ ಹಾಕಿ ತೆಗೆಯುವ ಚಪ್ಪಲಿ ಬಾಗಿಲ ಹತ್ತಿರ ಇರಲಿ.

ಕರೆಂಟ್ 30 ಆಂಪ್ ಅಂದರೆ 120 ವೋಲ್ಟಿನಲ್ಲಿ ಒಟ್ಟು 3600 ವ್ಯಾಟ್. ಆದರೆ ಒಳಗಿನ ಪ್ಲಗ್ ಪಾಯಿಂಟುಗಳೆಲ್ಲ ಸಾಮಾನ್ಯವಾಗಿ ಒಂದೇ 15 ಆಂಪ್ ಬ್ರೇಕರ್ ಮೇಲೆ ಇರುತ್ತವೆ. 1500 ವ್ಯಾಟಿನ ಹೀಟರ್ ಒಂದೇ 12.5 ಆಂಪ್ ತಿನ್ನುತ್ತದೆ. ಅದರ ಜೊತೆ ಇನ್‌ಸ್ಟಂಟ್ ಪಾಟ್ ಹಾಕಿದರೆ ಬ್ರೇಕರ್ ಹಾರುತ್ತದೆ. ಒಂದು ಆರಿಸಿ ಒಂದು ಹಾಕಿ. 30 ಆಂಪ್ ಪ್ಲಗ್ಗನ್ನು ಮನೆಯ ಸಾಮಾನ್ಯ ಪ್ಲಗ್ಗಿಗೆ ಕೂಡಿಸುವ ಅಡಾಪ್ಟರ್ ಕೊಂಡುಕೊಳ್ಳಿ, ಮನೆ ಮುಂದೆ ಪರೀಕ್ಷೆ ಮಾಡಲು ಅದು ಬೇಕು. ಬೆಚ್ಚಗಾಗಲಿ ಅಂತ ಒಳಗೆ ಗ್ಯಾಸ್ ಒಲೆ ಉರಿಸುವುದು, ಕೆಂಡ ತರುವುದು ಯಾವತ್ತೂ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಹೊರಡುವ ಹಿಂದಿನ ದಿನ ಒತ್ತಿ ನೋಡಿ.

ಹಾಸಿಗೆ

ಕೆಳಗಿನ ಆಸರೆ ಕಂಬಿ ಸಿಕ್ಕಿಸುವ ತನಕ ಬಂಕ್, ಅಂದರೆ ಹೊರಗೆ ಎಳೆದ ಹಾಸಿಗೆ, ಅದರ ಮೇಲೆ ಯಾರೂ ಹತ್ತಬಾರದು. ಮಕ್ಕಳು ಮೊದಲು ಓಡುವುದೇ ಅಲ್ಲಿಗೆ, ಆದ್ದರಿಂದ ಬಾಗಿಲಲ್ಲಿ ಒಬ್ಬರು ನಿಲ್ಲಿ.

ಬಂಕ್ ಗಾಳಿಯಲ್ಲಿ ತೇಲುವ ಹಾಸಿಗೆ, ಚಳಿ ಕೆಳಗಿನಿಂದಲೂ ಬರುತ್ತದೆ. ಹೊದಿಕೆ ಎಷ್ಟು ದಪ್ಪ ಇದ್ದರೂ ಸಾಲದು, ಮೈಕೆಳಗೆ ಒಂದು ಕಂಬಳಿ ಹಾಸಲೇಬೇಕು. ಜೂನ್‌ನಲ್ಲೂ ಇಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯುವುದುಂಟು. ಉಲ್ಲನ್ ಟೋಪಿ, ಸಾಕ್ಸ್ ಎಲ್ಲರಿಗೂ ಇರಲಿ. ನಮ್ಮತ್ತೆ ಬಂದಾಗ ಅವರಿಗೆ ಬಂಕ್ ಹತ್ತಿಸುವುದಿಲ್ಲ. ಊಟದ ಮೇಜು ಇಳಿಸಿದರೆ ಆಗುವ ಹಾಸಿಗೆ ಅವರದು. ಬಾಗಿಲ ಮೆಟ್ಟಿಲ ಮುಂದೆ ಅಗಲವಾದ ಇನ್ನೊಂದು ಮೆಟ್ಟಿಲು ಸ್ಟೂಲ್ ಹಾಕುತ್ತೇವೆ.

ಮೊದಲ ಸಲ ಹತ್ತಿರಕ್ಕೆ

ಒಂದು ರಾತ್ರಿ ಮನೆ ಮುಂದೆ ಡ್ರೈವ್‌ವೇಯಲ್ಲೇ ಮಲಗಿ. ಏನು ಮರೆತಿದ್ದೀರಿ ಅಂತ ಅವತ್ತೇ ಗೊತ್ತಾಗುತ್ತದೆ. ಆಮೇಲೆ ಡೆಟ್ರಾಯಿಟ್ ಹತ್ತಿರದ ನೋವೈ, ಕ್ಯಾಂಟನ್ ಕಡೆಯವರಿಗೆ ಪ್ರೌಡ್ ಲೇಕ್, ಬ್ರೈಟನ್, ಹಾಲಿ ರಿಕ್ರಿಯೇಷನ್ ಏರಿಯಾಗಳು ಹತ್ತಿರ. ಲಡಿಂಗ್ಟನ್ ಸ್ಟೇಟ್ ಪಾರ್ಕ್ ಇನ್ನೊಂದು ಸಲಕ್ಕೆ ಇರಲಿ. ಅಲ್ಲಿ ಲೇಕ್ ಮಿಶಿಗನ್ ಒಂದು ಕಡೆ, ಹ್ಯಾಮ್ಲಿನ್ ಲೇಕ್ ಇನ್ನೊಂದು ಕಡೆ, ಮರಳಿನ ಮೇಲೆ ನಡೆದು ಹೋದರೆ ಕಪ್ಪುಬಿಳಿ ಪಟ್ಟೆಯ ಬಿಗ್ ಸೇಬಲ್ ಲೈಟ್‌ಹೌಸ್. ಸ್ಟೇಟ್ ಪಾರ್ಕ್ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ. ಕಾರಿನ ನಂಬರ್ ಪ್ಲೇಟಿನ ಮೇಲೆ ರಿಕ್ರಿಯೇಷನ್ ಪಾಸ್‌ಪೋರ್ಟ್, ಅಂದರೆ ಸ್ಟೇಟ್ ಪಾರ್ಕಿನ ಪ್ರವೇಶ ಪಾಸ್, ಇದೆಯಾ ನೋಡಿಕೊಳ್ಳಿ.

ವಾಪಸ್ ಬರುವಾಗ

ಹೋಗುವಾಗಲೇ ದೊಡ್ಡ ಕಸದ ಚೀಲಗಳ ಒಂದು ಸುರುಳಿ, ಎರಡು ಅಗ್ಗದ ಪ್ಲಾಸ್ಟಿಕ್ ಮೇಜುಹಾಸು ಇಟ್ಟುಕೊಂಡಿರಿ. ಭಾನುವಾರ ಬೆಳಿಗ್ಗೆ ಮಳೆ ಬಂದರೆ ಒದ್ದೆ ಕ್ಯಾನ್ವಾಸನ್ನೇ ಮಡಚಬೇಕಾಗುತ್ತದೆ, ಅದು ಬಂದು ಬೀಳುವುದು ಹಾಸಿಗೆ ಮೇಲೆಯೇ. ದಿಂಬು, ಕಂಬಳಿ ಕಸದ ಚೀಲಕ್ಕೆ ತುಂಬಿ ಕಾರಿಗೆ ಹಾಕಿ. ಹಾಸಿಗೆಯ ಮೇಲೆ ಮೇಜುಹಾಸು ಹರಡಿ, ಆಮೇಲೆ ಮಡಚಿ.

ಮನೆಗೆ ಬಂದು ಒಂದೆರಡು ದಿನದೊಳಗೆ ಮತ್ತೆ ಬಿಚ್ಚಿ ಪೂರ್ತಿ ಒಣಗಿಸಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಕಲೆ ಹೋಗುವುದಿಲ್ಲ. ಎಷ್ಟೋ ಬಡಾವಣೆಗಳಲ್ಲಿ ಡ್ರೈವ್‌ವೇಯಲ್ಲಿ ಟ್ರೇಲರ್ ಎಷ್ಟು ಹೊತ್ತು ನಿಲ್ಲಬಹುದು ಅಂತ ನಿಯಮ ಇರುತ್ತದೆ, ಕ್ಯಾಂಪರ್ ಕೊಳ್ಳುವ ಮುಂಚೆಯೇ ಕೇಳಿಕೊಂಡಿರಿ. ಹೊಲಿಗೆಯ ಹತ್ತಿರ, ಜಿಪ್ಪಿನ ಹತ್ತಿರ ಕೈಯಿಟ್ಟು ನೋಡಿ, ತೇವ ಕೊನೆಗೆ ಉಳಿಯುವುದು ಅಲ್ಲೇ. ಪಾತ್ರೆ, ಚಾಕ್, ಬಕೆಟ್ ಎಲ್ಲ ಕ್ಯಾಂಪಿಂಗ್‌ಗೇ ಮೀಸಲಾಗಿ ಉಳಿಯಲಿ. ತಿನ್ನುವ ವಸ್ತು, ಸೋಪು, ಮೇಣದಬತ್ತಿ ಒಂದೂ ಬಿಡದೆ ಮನೆಯೊಳಗೆ ತಂದು, ಇಲಿ ನುಗ್ಗುವ ಸಂದು ಇದೆಯಾ ಅಂತ ಕೆಳಗೆ ಒಮ್ಮೆ ಬಗ್ಗಿ ನೋಡಿ, ಆಮೇಲೆ ಚಾವಣಿ ಇಳಿಸಿ. ಕ್ರ್ಯಾಂಕ್ ಹ್ಯಾಂಡಲ್ ಕಾರಿಗೆ.