ಒಂದು ಕಡೆ ನಿಲ್ಲದ ನಾಯಿಮರಿಯ ಫೋಟೊ ತೆಗೆಯುವುದು ಹೇಗೆ?

ಬಳ್ಳಾರಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ನಾಯಿಮರಿ ಬಂದರೂ ಫೋಟೊಕ್ಕೆ ನನ್ನನ್ನೇ ಕರೆಯುತ್ತಾರೆ. ಹೋದರೆ ಎಲ್ಲ ಕಡೆ ಒಂದೇ ಸೀನು. ನಾಲ್ಕು ಜನ ಸುತ್ತ ನಿಂತು "ಏ ಕಾಳ್ಯಾ, ಇಲ್ನೋಡು, ಇಲ್ನೋಡಲೇ" ಎಂದು ಒದರುತ್ತಿರುತ್ತಾರೆ, ಕಾಳ್ಯಾ ಮಾತ್ರ ಯಾರದೋ ಚಪ್ಪಲಿ ಕಚ್ಚಿಕೊಂಡು ಕಾಂಪೌಂಡ್ ಸುತ್ತುತ್ತಿರುತ್ತಾನೆ. ಮೊಬೈಲಿನಲ್ಲಿ 60 ಫೋಟೊ, ಎಲ್ಲದರಲ್ಲೂ ಬಾಲ.

ಮೊದಲು ಹೊತ್ತು ನೋಡಿಕೊಳ್ಳಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ, ಹಾಗಾಗಿ ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ. ಸಂಜೆ ಬೆಳಕೂ ಚೆಂದವೇ, ಆದರೆ ನಮ್ಮ ಕಡೆಯ ಬಂಡೆಗಳು ಹೊತ್ತು ಮುಳುಗಿದ ಮೇಲೂ ಕಾದೇ ಇರುತ್ತವೆ. ಅಂಗೈ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳರವರೆಗೆ ಎಣಿಸಿ. ನಿಮ್ಮ ಕೈ ತಡೆಯದಿದ್ದರೆ ಅದರ ಅಂಗಾಲೂ ತಡೆಯುವುದಿಲ್ಲ. ಆನೆಗೊಂದಿಗೆ ಕರೆದುಕೊಂಡು ಹೋಗಿ ಅಂಜನಾದ್ರಿ ಹಿನ್ನೆಲೆಯಲ್ಲಿ ತೆಗೆಯೋಣ ಅಂತೀರಾ? ಬೇಡ. ಅಲ್ಲಿನ ಕೋತಿಗಳನ್ನು ಕಂಡ ಮರಿ ನಿಮ್ಮ ಕಡೆ ಯಾಕೆ ನೋಡುತ್ತದೆ!

ಆಮೇಲೆ ಆಟ. ಹದಿನೈದು ನಿಮಿಷ ಆಡಿಸಿ, ನೀರು ಕುಡಿಸಿ, ಹತ್ತು ನಿಮಿಷ ಸುಮ್ನೆ ಬಿಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಹೆಚ್ಚಾಗಿ ತೇಕಿ. ಜಾಸ್ತಿ ಓಡಿಸಿದರೆ ಫೋಟೊದಲ್ಲಿ ಬರೀ ನಾಲಿಗೆ ಕಾಣುತ್ತದೆ. ಚೆಂಡು ಹಳದಿಯದೋ ನೀಲಿಯದೋ ಇರಲಿ, ಕೆಂಪು ಬಣ್ಣ ನಾಯಿ ಕಣ್ಣಿಗೆ ಮಂಕಾಗಿ ಕಾಣುತ್ತದೆ.

ನಾಷ್ಟ ಫೋಟೊ ಆದ ಮೇಲೆ. ಅಲ್ಲಿಯವರೆಗೆ ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಇಟ್ಟುಕೊಳ್ಳಿ. ಬಿಸ್ಕತ್ತು ನನಗೆ ಆಗಿಬರುವುದಿಲ್ಲ, ಮೂತಿಗೆಲ್ಲ ಪುಡಿ. ತಟ್ಟೆಯಲ್ಲಿದ್ದ ಮಂಡಕ್ಕಿ ಒಗ್ಗರಣಿ-ಮಿರ್ಚಿ ಅಂತೂ ಕೊಡಲೇಬೇಡಿ, ಅದರಲ್ಲಿರುವ ಈರುಳ್ಳಿ ನಾಯಿಗೆ ವಿಷ.

ಮೊಬೈಲ್: ಲೆನ್ಸ್ ಒರೆಸಿ, ಫ್ಲ್ಯಾಶ್ ಆರಿಸಿ, ಬಟನ್ ಒತ್ತಿ ಹಿಡಿದರೆ ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್ ಹಾಕಿ. ಕ್ಯಾಮೆರಾ ಇದ್ದವರು ಶಟರ್ ವೇಗ 1/1000 ಸೆಕೆಂಡಿಗೆ ಇಡಿ. ಕರಿ ನಾಯಿಯಾದರೆ ಮೊಬೈಲ್ ಪರದೆಯಲ್ಲಿ ಅದರ ಮುಖದ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಏರಿಸಿ.

ಇನ್ನು ಎಲ್ಲರೂ ಎಡವುವ ಜಾಗ. ಹೆಸರು ಕೂಗಬೇಡಿ. ಇಪ್ಪತ್ತು ಸಲ ಕೇಳಿದ ಮೇಲೆ ತನ್ನ ಹೆಸರೂ ಅದಕ್ಕೆ ಫ್ಯಾನಿನ ಸದ್ದಿನ ಹಾಗೆ, ಇದ್ದರೂ ಇಲ್ಲದಂತೆ. ಅದು ಎಂದೂ ಕೇಳದ ಒಂದು ಸದ್ದನ್ನು ಬಚ್ಚಿಟ್ಟುಕೊಳ್ಳಿ. ನನ್ನ ಜೇಬಿನಲ್ಲಿ ಒಂದು ಡಬ್ಬಿ, ಅದರೊಳಗೆ ನಾಲ್ಕು ಹುಣಸೆ ಬೀಜ, ಅಷ್ಟೇ. ಮೊದಲ ಸಲ ಅಲ್ಲಾಡಿಸಿದಾಗ ಕಿವಿ ನಿಮಿರುತ್ತವೆ, ತಲೆ ವಾಲುತ್ತದೆ, ಆ ಚೆಂದವೆಲ್ಲ ಒಂದೆರಡು ಸೆಕೆಂಡ್ ಮಾತ್ರ, ನಾಲ್ಕನೇ ಸಲಕ್ಕೆ ಅದು ನಿಮ್ಮನ್ನು ಕ್ಯಾರೇ ಅನ್ನುವುದಿಲ್ಲ. ಅದಕ್ಕೇ ಮೊದಲು ಬಟನ್ ಒತ್ತಿ ಹಿಡಿದು, ಆಮೇಲೆ ಸದ್ದು ಮಾಡಿಸಬೇಕು. ಜನ ಇದನ್ನು ಉಲ್ಟಾ ಮಾಡುತ್ತಾರೆ.

ಸದ್ದು ಮಾಡುವವರು ನಿಮ್ಮ ಬೆನ್ನಿಗೆ ಅಂಟಿಕೊಂಡೇ ಇರಲಿ, ಕೋಳಿ ಚೂರು ಲೆನ್ಸಿನ ಸ್ವಲ್ಪ ಮೇಲಿರಲಿ, ಒಬ್ಬರೇ ಇರಲಿ. ಅಜ್ಜಿ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಒಳಗೆ. ಫೋಟೊ ಆದ ಕೂಡಲೇ ಆ ಚೂರನ್ನು ಮರಿ ಕೂತಿರುವ ಜಾಗಕ್ಕೇ ಹೋಗಿ ಕೊಡಬೇಕು. ಕ್ಯಾಮೆರಾ ಹತ್ತಿರ ಕೊಟ್ಟಿರೋ, ತಿಂಡಿ ಸಿಗುವುದು ಅಲ್ಲೇ ಎಂದು ಅದು ಕಲಿತುಬಿಡುತ್ತದೆ, ಮುಂದಿನ ಎಲ್ಲ ಫೋಟೊದಲ್ಲೂ ದೊಡ್ಡ ಒದ್ದೆ ಮೂಗು. ಮೊಬೈಲಿಗೆ ಬಿಸ್ಕತ್ತು ಸಿಕ್ಕಿಸುವ ಕ್ಲಿಪ್ ಅಂತ ಒಂದು ಬರುತ್ತದಲ್ಲ, ಆಸೆಪಟ್ಟು ತರಿಸಿದ್ದೆ. ಮರಿ ಬಿಸ್ಕತ್ತಿನ ಜೊತೆ ಮೊಬೈಲನ್ನೂ ಕಿತ್ತುಕೊಂಡು ಓಡಿತು. ಜಾತ್ರೆಯಲ್ಲಿ ಸಿಗುವ ಪೀಂ ಪೀಂ ಗೊಂಬೆಯೂ ಬೇಡ, ಅದರೊಳಗಿನ ಪೀಪಿಯನ್ನು ಕಿತ್ತು ನುಂಗಿಬಿಡಬಹುದು.

ನೀವು ಮಾತ್ರ ನಿಂತು ತೆಗೆಯಬೇಡಿ. ಗೋಣಿಚೀಲ ಹಾಸಿ ಹೊಟ್ಟೆ ಮೇಲೆ ಮಲಗಿ. ನನ್ನ ತಮ್ಮನ ಮನೆಯಲ್ಲಿರುವುದು ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಯ ಮೇಲೇ ಬಂದ ತಳಿ, ಅವನು ಮೇಲಿನಿಂದ ತೆಗೆದ ಫೋಟೊದಲ್ಲಿ ಅದು ಬಡಕಲು ಆಡಿನ ಮರಿ.

ಬೆಲ್ಟ್ ಬಿಚ್ಚಬೇಡಿ, ಬೀದಿ ಪಕ್ಕ ಅಂತೂ ಬೇಡವೇ ಬೇಡ. ಹತ್ತು ನಿಮಿಷ ಸಾಕು. ಮರಿ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ಶುರುವಾಯಿತೋ, ಅದಕ್ಕೆ ಬೇಜಾರಾಗಿದೆ ಎಂದೇ ತಿಳಿಯಿರಿ. ಮೊಬೈಲ್ ಜೇಬಿಗೆ ಹಾಕಿ, ಮಿಕ್ಕ ಕೋಳಿಯನ್ನು ಅದಕ್ಕೇ ಕೊಟ್ಟುಬಿಡಿ.