ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದ್ರೆ ಪೊರಕೆ ಮುಟ್ಬೇಡಿ

ಮೊನ್ನೆ ಮನೇಲಿ ಹಳೇ ಗಾಜಿನ ಥರ್ಮಾಮೀಟರ್ ಕೈಜಾರಿ ಬಿದ್ದು ಚೂರಾಯ್ತು, ನಾನು ಓಡಿ ಬರೋಷ್ಟರಲ್ಲಿ ಅಮ್ಮ ಆಗ್ಲೇ ಪೊರಕೆ ಹಿಡ್ಕೊಂಡು ನಿಂತಿದ್ರು. ಅಮ್ಮಾ ನಿಲ್ಸು ಅಂತ ಕೂಗಿದೆ. ಪೊರಕೆ ಆಡಿಸಿದ್ರೆ ಪಾದರಸದ ಒಂದು ಗುಂಡು ನೂರಾಗಿ ಟೈಲ್ಸ್ ಸಂದಿಗೆ, ಮಂಚದ ಕೆಳಗೆ ಸೇರ್ಕೊಂಡು ಮೆಲ್ಲಗೆ ಆವಿಯಾಗ್ತಾ ಇರತ್ತೆ, ಆ ಆವಿಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ. ಮಗು ನುಂಗಿಬಿಟ್ರೆ ಅಂತ ಎಲ್ಲರೂ ಹೆದರೋದು, ಆದ್ರೆ ಥರ್ಮಾಮೀಟರ್ ಪಾದರಸವನ್ನ ಹೊಟ್ಟೆ ಹೀರ್ಕೊಳ್ಳೋದು ತೀರಾ ಕಮ್ಮಿ, ಉಸಿರಲ್ಲಿ ಒಳಗೆ ಹೋದ ಆವಿನೇ ಅಪಾಯ. (ನುಂಗಿದ್ರೂ ಡಾಕ್ಟರಿಗೆ ಫೋನ್ ಮಾಡಿ, ಗಾಜಿನ ಚೂರು ಹೋಗಿರ್ಬಹುದು.)

ಮೊದ್ಲು ಮಕ್ಕಳು, ಬಸುರಿಯರು, ನಾಯಿ ಬೆಕ್ಕು ಎಲ್ಲಾ ಆಚೆ. ಫ್ಯಾನ್, ಎಸಿ ಆಫ್, ಕಿಟಕಿ ತೆಗೀರಿ, ಒಳಗಿನ ರೂಮಿನ ಬಾಗಿಲು ಹಾಕಿ. ಆಮೇಲೆ ಉಂಗುರ ಬಳೆ ಬಿಚ್ಚಿಡಿ, ತಮಾಷೆ ಅಲ್ಲ, ಪಾದರಸ ಚಿನ್ನಕ್ಕೆ ಅಂಟ್ಕೊಂಡ್ರೆ ಬಿಡಲ್ಲ. ಇದೇ ಗುಣಕ್ಕೇ ಅಮೆಜಾನ್ ಕಡೆ, ಆಫ್ರಿಕಾದಲ್ಲಿ ಮಣ್ಣಿಂದ ಚಿನ್ನ ಎತ್ತೋಕೆ ಪಾದರಸ ಬಳಸಿ ಸುಡ್ತಾರೆ, ಜಗತ್ತಲ್ಲಿ ಮನುಷ್ಯರು ಗಾಳಿಗೆ ಬಿಡೋ ಪಾದರಸದಲ್ಲಿ ಅದರ ಪಾಲೇ ಎಲ್ಲಕ್ಕಿಂತ ದೊಡ್ದು.

ಗ್ಲೌಸ್ ಹಾಕ್ಕೊಂಡು ಗಾಜಿನ ಚೂರು ಆರಿಸಿ, ಹಳೇ ಮದುವೆ ಕಾರ್ಡ್ ಎರಡು ತಗೊಂಡು ಗುಂಡುಗಳನ್ನ ಮೆಲ್ಲಗೆ ಒಂದುಕಡೆ ತಳ್ಳಿ, ಸೂಜಿ ತೆಗೆದ ಸಿರಿಂಜಲ್ಲಿ ಎಳ್ಕೊಂಡು ಸ್ವಲ್ಪ ನೀರಿರೋ ಪ್ಲಾಸ್ಟಿಕ್ ಬಾಟ್ಲಿಗೆ ಬಿಡಿ. ಲೈಟ್ ಆರಿಸಿ ಟಾರ್ಚನ್ನ ನೆಲಕ್ಕೆ ಅಡ್ಡ ಹಿಡಿದ್ರೆ ಉಳಿದ ಪುಡಿ ಹೊಳೆಯತ್ತೆ, ಅದನ್ನ ಟೇಪಲ್ಲಿ ಎತ್ತಿ. ಸಿರಿಂಜ್, ಟೇಪ್, ಗ್ಲೌಸ್ ಯಾವ್ದನ್ನೂ ಮತ್ತೆ ಬಳಸ್ಬೇಡಿ. ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಬಿಸಿಗೆ ಇನ್ನೂ ಜಾಸ್ತಿ ಆವಿಯಾಗಿ ಮನೆಯೆಲ್ಲಾ ಹರಡತ್ತೆ.

ಸಿಂಕಿಗೂ ಸುರೀಬೇಡಿ. ಚರಂಡಿಯಿಂದ ಕೆರೆಗೆ ಹೋದ ಪಾದರಸವನ್ನ ಕೆಸರಿನ ಬ್ಯಾಕ್ಟೀರಿಯಾ ಮೀಥೈಲ್ ಮರ್ಕ್ಯುರಿ ಅನ್ನೋ ವಿಷ ಮಾಡತ್ತೆ, ಅದು ಮೀನಿಗೆ ಸೇರಿ ನಮ್ಮ ತಟ್ಟೆಗೆ ಬರತ್ತೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆ ನೇರವಾಗಿ ಈ ಮೀಥೈಲ್ ಮರ್ಕ್ಯುರಿನೇ ಕೊಲ್ಲಿಗೆ ಬಿಟ್ಟಿತ್ತು, ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದಂಗೆ ಕುಣಿದು ಸತ್ವು, 1956ರಲ್ಲಿ ಜನರ ಕಾಯಿಲೆನೂ ಅಧಿಕೃತವಾಗಿ ದಾಖಲಾಯ್ತು. ಆ ಊರಿನ ಹೆಸರಲ್ಲೇ 2013ರಲ್ಲಿ ಪಾದರಸ ಬಳಕೆ ತಗ್ಗಿಸೋಕೆ ದೇಶಗಳೆಲ್ಲಾ ಸೇರಿ ಮಾಡ್ಕೊಂಡ ಮಿನಮಾಟಾ ಒಪ್ಪಂದ ಆಯ್ತು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರ್ತು. ಪಾದರಸದ ಥರ್ಮಾಮೀಟರ್, ಬಿಪಿ ಮೆಷಿನ್ ತಯಾರಿಕೆ, ಆಮದು, ರಫ್ತು 2020ಕ್ಕೆ ನಿಲ್ಬೇಕು ಅಂತ ಅದ್ರಲ್ಲಿದೆ, ಕೆಲವು ದೇಶ ಎಕ್ಸ್‌ಟ್ರಾ ಟೈಮ್ ಕೇಳ್ಕೊಂಡ್ವು ಬಿಡಿ. ಆದ್ರೆ ನಮ್ಮ ಬೀರುವಲ್ಲಿ ಮಲಗಿರೋ ಹಳೇದನ್ನ ಯಾವ ಒಪ್ಪಂದನೂ ಬಂದು ಎತ್ಕೊಂಡು ಹೋಗಲ್ಲ.

ಬಾಟ್ಲಿ ಮುಚ್ಚಳ ಬಿಗಿಯಾಗಿ ಹಾಕಿ ಮೇಲೆ ಪಾದರಸ ಅಂತ ದಪ್ಪಕ್ಷರದಲ್ಲಿ ಬರೀರಿ. 2016ರ ಘನತ್ಯಾಜ್ಯ ನಿಯಮದಲ್ಲಿ ಒಡೆದ ಥರ್ಮಾಮೀಟರ್ ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲೇ ಇತ್ತು, ಹಸಿ ಒಣ ಎರಡಕ್ಕೂ ಸೇರಿಸದೆ ಬೇರೆ ಕೊಡ್ಬೇಕು. ಎಲ್ಲಿ ಕೊಡೋದು ಅಂತ ಪಾಲಿಕೆ ಆಫೀಸಲ್ಲಿ ಕೇಳಿ. ಕಸದ ಆಟೋದವ್ರ ಕೈಗೇ ಕೊಡೋದಾದ್ರೆ ಒಳಗೆ ಏನಿದೆ ಅಂತ ಬಾಯಲ್ಲೂ ಹೇಳಿ, ಚೀಲ ಬಿಚ್ಚಿ ಕೈಹಾಕೋದು ಅವರೇ ತಾನೆ.