ಟೈಲ್ಸ್ ಸಂದಿಗೆ ಆಸಿಡ್ ಸುರಿಯುವ ಮುಂಚೆ

ನಮ್ಮ ಬಚ್ಚಲುಮನೆಗೆ ಟೈಲ್ಸ್ ಹಾಕಿಸಿ 22 ವರ್ಷವಾಯಿತು. ಟೈಲ್ಸ್‌ಗೆ ಏನೂ ಆಗಿಲ್ಲ, ಸಂದಿಗಳೇ ನನ್ನ ಕೈಯಲ್ಲಿ ಹಾಳಾದವು. ಹಬ್ಬ ಬಂತೆಂದರೆ ಒಂದು ಬಾಟಲಿ ಆಸಿಡ್ ಸುರಿದು ಪೊರಕೆಯಲ್ಲಿ ಗಸಗಸ ಉಜ್ಜುತ್ತಿದ್ದೆ. ಬುರುಬುರು ನೊರೆ ಎದ್ದರೆ ಕೊಳೆ ಹೋಯಿತೆಂದು ಖುಷಿ. ಸಂದಿಯಲ್ಲಿರುವುದು ಸಿಮೆಂಟು ಕಣ್ರೀ, ಆ ನೊರೆಯಲ್ಲಿ ಅದೂ ಕರಗಿ ಹೋಗುತ್ತಿತ್ತು. ಮೇಲ್ಮೈ ತರಿತರಿಯಾದಷ್ಟೂ ಕೊಳೆ ಇನ್ನೂ ಬೇಗ ಕೂರುತ್ತದೆ.

ಈಗ ನಾನು ಮಾಡುವುದಿಷ್ಟು. ಅಡುಗೆ ಸೋಡಾಕ್ಕೆ ಚೂರೇ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚಟ್ನಿಯ ಹದಕ್ಕೆ ಕಲಸುತ್ತೇನೆ. ಸಂದಿಗೆ ಮೆತ್ತಿ ಕಾಲು ಗಂಟೆ ಬಿಟ್ಟು, ಹಳೆ ಟೂತ್‌ಬ್ರಷ್‌ನಿಂದ ಉದ್ದಕ್ಕೆ ಉಜ್ಜಿ, ಬಿಸಿನೀರಲ್ಲಿ ತೊಳೆದುಬಿಡುವುದು. ತಂತಿ ಬ್ರಷ್ ಬೇಡ. ಒಲೆ ಹಿಂದಿನ ಒಗ್ಗರಣೆ ಜಿಡ್ಡಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಲೆ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಟೈಲ್ಸ್ ಮೇಲಷ್ಟೇ ಒರೆಸಿ, ಸಂದಿಗೆ ಇಳಿದರೆ ಕೂಡಲೇ ನೀರು ಹೊಯ್ಯಿರಿ. ಮಾರ್ಬಲ್ ಇದ್ದರೆ ಅದೂ ಬೇಡ.

ಮಳೆಗಾಲದ ಕಪ್ಪು ಬೂಸ್ಟಿಗೆ ನೀರು ಬೆರೆಸಿದ ಬ್ಲೀಚ್ ಆಗುತ್ತದೆ. ಆದರೆ ಆಸಿಡ್, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದರ ಜೊತೆಗೂ ಅದನ್ನು ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಸಂಚಕಾರ.

ಉಗುರಲ್ಲಿ ಕೆರೆದರೆ ಪುಡಿ ಉದುರುವ ಸಂದಿಯನ್ನು ಎಷ್ಟು ತೊಳೆದರೂ ಅಷ್ಟೇ, ಹೊಸದಾಗಿ ತುಂಬಬೇಕು. ಹಳೆಯದರ ಮೇಲೆ ಬಿಳಿ ಸಿಮೆಂಟ್ ಸವರಿಹೋಗುವ ಮೇಸ್ತ್ರಿಯನ್ನು ನಂಬಬೇಡಿ, ಆರು ತಿಂಗಳಿಗೆ ಹಪ್ಪಳದ ಹಾಗೆ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ಗ್ರೌಟ್ ಅಂದರೆ ಸಂದಿಗೆ ತುಂಬುವ ಸಿಮೆಂಟು, ಅದನ್ನು ಕೆರೆಯುವ ಪುಟ್ಟ ಗರಗಸ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಟೈಲ್ಸ್ ಅಂಚಿಗೆ ತಾಗದಂತೆ ಕನಿಷ್ಠ 2–3 ಮಿಲಿಮೀಟರ್ ಆಳ ಕೆರೆದು, ಧೂಳು ಪೂರ್ತಿ ತೆಗೆದು, ಸಂದಿಯನ್ನು ತುಸು ಒದ್ದೆ ಮಾಡಿ. ನೀರು ನಿಂತಿರಬಾರದು. ಗ್ರೌಟ್ ಪುಡಿಯನ್ನು ಗಟ್ಟಿ ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಬೇಡಿ, ನೀರು ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು, ಬಣ್ಣವೂ ಅಲ್ಲಲ್ಲಿ ಬಿಳಚು. ರಬ್ಬರ್ ಪಟ್ಟಿಯಿಂದ ಓರೆಯಾಗಿ ಒತ್ತಿ ತುಂಬಿ, ಇಪ್ಪತ್ತು ನಿಮಿಷ ಬಿಟ್ಟು, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ಗೋಡೆ ನೆಲ ಸೇರುವ ಮೂಲೆಗೆ ಮಾತ್ರ ಗ್ರೌಟ್ ನಿಲ್ಲುವುದಿಲ್ಲ, ಅಲ್ಲಿಗೆ ಸಿಲಿಕೋನ್ ಹಾಕಿಸಿ.

ಒಂದು ದಿನ ಪೂರ್ತಿ ಆ ಬಚ್ಚಲಿಗೆ ನೀರು ಬೀಳಬಾರದು. ನಮ್ಮ ಮನೆಯಲ್ಲಿ ಅದೇ ಕಷ್ಟದ ಕೆಲಸವಾಗಿತ್ತು. ಕೊನೆಗೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ.